ಬೆರಳಿನ ಗುರುತು ಕಾಣುವ ಸಿನಿಮಾಗಳು

ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಮಾಡಬಹುದಾದ ಕಾಲದಲ್ಲಿ ಬೊಂಬೆಗಳನ್ನು ಕೈಯಲ್ಲಿ ಒಂಚೂರು ಒಂಚೂರೇ ಸರಿಸಿ, ಪ್ರತಿ ಸಲ ಒಂದು ಫೋಟೋ ತೆಗೆದು ಸಿನಿಮಾ (ಸ್ಟಾಪ್ ಮೋಷನ್) ಮಾಡುವುದು ಯಾಕೆ, ನೋಡುವವರಿಗೆ ವ್ಯತ್ಯಾಸ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ನನಗಂತೂ ಗೊತ್ತಾಗುತ್ತದೆ. ನಾನು ಈ ಸಿನಿಮಾಗಳನ್ನು ನೋಡುವುದೇ ಅದಕ್ಕೆ.

ಇಂಗ್ಲೆಂಡಿನ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದ ಸಿನಿಮಾಗಳಲ್ಲಿ ಬರುವ ಗ್ರೋಮಿಟ್ ಎಂಬ ಬೊಂಬೆ ನಾಯಿಯನ್ನೇ ನೋಡಿ. ಅದಕ್ಕೆ ಬಾಯಿ ಇಲ್ಲ, ಮಾತೂ ಇಲ್ಲ. ಅನುಮಾನ, ಬೇಸರ, ಭಯ ಎಲ್ಲವೂ ಹುಬ್ಬಿನಲ್ಲೇ ಬರಬೇಕು. ಪ್ಲಾಸ್ಟಿಸಿನ್ ಎಂಬ ಮೆತ್ತನೆಯ ಕ್ಲೇಯ ಆ ಹುಬ್ಬನ್ನು ಬೆರಳಲ್ಲಿ ಒತ್ತಿ ಒಂದು ಫೋಟೋ, ಮತ್ತೆ ಒತ್ತಿ ಇನ್ನೊಂದು. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ ಬೇಕು. ಒಂದು ಭಂಗಿಯನ್ನು ಎರಡು ಫ್ರೇಮ್ ಇಟ್ಟರೂ 12 ಸಲ ಮುಟ್ಟಬೇಕು. ಅಷ್ಟು ಮುಟ್ಟಿದ ಮೇಲೆ ಬೆರಳಚ್ಚು ಉಳಿಯದೆ ಇರುತ್ತದಾ? ಮುಖದ ಹತ್ತಿರದ ಶಾಟ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ.

1933ರ ಕಿಂಗ್ ಕಾಂಗ್ ಸಿನಿಮಾದಲ್ಲೂ ಹೀಗೇ. ದೈತ್ಯ ಗೊರಿಲ್ಲಾದ ಬೊಂಬೆಗೆ ಮೊಲದ ತುಪ್ಪಳ ಹೊದಿಸಿದ್ದರು. ಮುಟ್ಟಿದ ಕಡೆಯೆಲ್ಲ ಕೂದಲು ಅಲುಗಿ, ಪರದೆಯ ಮೇಲೆ ಮೈ ಜುಂ ಅಂದ ಹಾಗೆ ಕಾಣುತ್ತದೆ.

ನನಗೆ ಜಾಸ್ತಿ ಇಷ್ಟ 2009ರ ಕೋರಲೈನ್ ಸಿನಿಮಾದ ಹುಡುಗಿ ಬೊಂಬೆಯ ಸ್ವೆಟರ್. ಬೊಂಬೆ ಹೆಚ್ಚುಕಡಿಮೆ ಒಂದು ಗೇಣು ಉದ್ದ. ಅಂಗಡಿಯ ಉಲ್ಲನ್ ಅದಕ್ಕೆ ತೊಡಿಸಿದರೆ ಹಗ್ಗ ಸುತ್ತಿದ ಹಾಗಿರುತ್ತದೆ. ಅದಕ್ಕೇ ಆಲ್ಥಿಯಾ ಕ್ರೋಮ್ ಎಂಬ ಕಲಾವಿದೆ ತಂತಿಯಂಥ ತೆಳು ಸೂಜಿಗಳಲ್ಲಿ, ನೂಲಿನಷ್ಟು ಸಣ್ಣ ಎಳೆಯಿಂದ ಸ್ವೆಟರ್, ಕೈಗವಸು ಹೆಣೆದರು. ಅದೇ ಸಿನಿಮಾದ ಮರಗಳಲ್ಲಿ ಅರಳಿರುವ ಹೂಗಳು ಬಣ್ಣ ಬಳಿದ ಪಾಪ್‌ಕಾರ್ನ್! ಇದು ಗೊತ್ತಾದ ಮೇಲೆ ಆ ದೃಶ್ಯವನ್ನು ಎಷ್ಟು ಸಲ ನಿಲ್ಲಿಸಿ ನೋಡಿದ್ದೇನೋ.

ಮಗಳ ಜೊತೆ ಮನೆಯಲ್ಲೂ ಒಂದು ಮಾಡಿದೆ. ಬಣ್ಣದ ಕ್ಲೇಯ ಬಸವನಹುಳು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಬೇಕು, ಅಷ್ಟೇ. 10 ಸೆಕೆಂಡಿಗೆ 120 ಫೋಟೋ. ಇಡೀ ಭಾನುವಾರ ಹಿಡಿಯಿತು. ಓಡಿಸಿ ನೋಡಿದರೆ ಬೆಳಕು ಮಿಣಮಿಣ ಅನ್ನುತ್ತಿತ್ತು. ಕಿಟಕಿಯಾಚೆ ಮೋಡ ಬಂದು ಹೋಗಿದ್ದು ನಮಗೆ ಗೊತ್ತೇ ಆಗಿರಲಿಲ್ಲ, ಕ್ಯಾಮೆರಾ ಮಾತ್ರ ಬಿಟ್ಟಿರಲಿಲ್ಲ. ಆದರೆ ಹುಳುವಿನ ಬೆನ್ನಿನ ಮೇಲೆ ಮಗಳ ಪುಟ್ಟ ಬೆರಳಿನ ಗೆರೆಗಳು ಫ್ರೇಮಿಂದ ಫ್ರೇಮಿಗೆ ಬದಲಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಆ ವಿಡಿಯೋ ಇನ್ನೂ ಇಟ್ಟುಕೊಂಡಿದ್ದೇನೆ.

ನೀವೂ ಮಾಡಿ ನೋಡುವುದಾದರೆ ಕಿಟಕಿ ಮುಚ್ಚಿ, ಒಂದೇ ದೀಪ ಹಚ್ಚಿಕೊಳ್ಳಿ. ಮೊಬೈಲನ್ನು ಅಲುಗಾಡದ ಹಾಗೆ ಗಟ್ಟಿಯಾಗಿ ಕಟ್ಟಿ.