ನೀಟ್‌ನಲ್ಲಿ ಸೀಟು ಸಿಗದಿದ್ದರೆ ಬ್ಯಾಕಪ್ ಆಗಿ ನರ್ಸಿಂಗ್ ಸೇರಬಹುದೇ?

ಎರಡು ಸಲ ನೀಟ್ ಬರೆದಿದ್ದೀರಿ, ‘ಸದ್ಯಕ್ಕೆ ನರ್ಸಿಂಗ್ ಸೇರಿ ಮೂರನೇ ಸಲ ಪ್ರಯತ್ನಿಸಲೇ’ ಎಂದು ಕೇಳಿದ್ದೀರಿ. 2018ರಲ್ಲಿ ನಾನು ಮಾಡಿದ್ದು ಇದನ್ನೇ.

ನಮ್ಮದು ಮೂಡಿಗೆರೆ ಕಡೆ. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಎರಡನೇ ಸಲವೂ ಸೀಟು ತಪ್ಪಿದಾಗ ಹಾಸನದ ಖಾಸಗಿ ಕಾಲೇಜೊಂದರಲ್ಲಿ ಬಿಎಸ್‌ಸಿ ನರ್ಸಿಂಗ್ ಸೇರಿದೆ. ಹಾಸ್ಟೆಲಿಗೆ ಒಯ್ದ ಟ್ರಂಕಿನಲ್ಲಿ ಯೂನಿಫಾರ್ಮಿನ ಕೆಳಗೆ ನೀಟ್ ಪುಸ್ತಕಗಳಿದ್ದವು. ಪರೀಕ್ಷೆ 2019ರ ಮೇ 5ಕ್ಕೆ. ಜನವರಿಯಿಂದಲೇ ಜ್ವರ, ಹೊಟ್ಟೆನೋವು ಎಂದು ಹೇಳಿ ವಾರ್ಡ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವ ಪಾಳಿ, ತಪ್ಪಿಸತೊಡಗಿದೆ.

ನನ್ನ ತಪ್ಪು ಇಲ್ಲೇ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತರಗತಿಗೆ ಶೇ 80 ಹಾಜರಿ ಸಾಕು ಎಂದು ಮೊದಲ ವಾರವೇ ತಿಳಿಸಿದ್ದರು. ವಾರ್ಡಿಗೂ ಅದೇ ಲೆಕ್ಕ ಎಂದುಕೊಂಡೆ. ಆದರೆ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ವಾರ್ಡಿನ ಪ್ರಾಯೋಗಿಕ ಹಾಜರಿ ಶೇ 100 ಆಗದೆ ಪದವಿ ಕೊಡುವುದಿಲ್ಲ. ಒಂದು ದಿನ ತಪ್ಪಿದರೂ ಆ ದಿನವನ್ನು ಮತ್ತೆ ಮಾಡಿಯೇ ತೀರಿಸಬೇಕು. ನಾನು ತಪ್ಪಿಸಿದ್ದು 26 ದಿನ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಟ್ರಂಕಿನ ಗುಟ್ಟು ಹೊರಬೀಳುತ್ತಿತ್ತು. ದಿನಗಳನ್ನೇನೋ ರಜೆಯಲ್ಲಿ ಒಬ್ಬಳೇ ನಿಂತು ತೀರಿಸಿದೆ. ಆದರೆ ಹಾಸಿಗೆ ಹಿಡಿದವರಿಗೆ ಮೈ ಒರೆಸುವುದು, ರೋಗಿ ಮಲಗಿರುವಾಗಲೇ ಹೊದಿಕೆ ಬದಲಿಸುವುದು, ಸೂಜಿ ಚುಚ್ಚುವುದು, ಇವನ್ನೆಲ್ಲ ಮೇಡಂ ಕೈಹಿಡಿದು ಕಲಿಸಿದ್ದು ಆ 26 ದಿನಗಳಲ್ಲಿ. ನನಗೆ ರಜೆಯಲ್ಲಿ ಸಿಕ್ಕಿದ್ದು ಹಾಜರಿ ಪುಸ್ತಕದ ಸಹಿ ಮಾತ್ರ. ಎರಡನೇ ವರ್ಷದ ನಡುವೆ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಪಾಠ ಮೊಬೈಲಿಗೆ ಸರಿಯಿತು. ಮೂರನೇ ವರ್ಷದಲ್ಲಿ ವಾರ್ಡಿಗೆ ಮರಳಿದಾಗ ರಕ್ತನಾಳ ಹುಡುಕಲು ನನ್ನ ಕೈ ನಡುಗುತ್ತಿತ್ತು. ಒಬ್ಬ ಅಜ್ಜಿಗೆ ಮೂರು ಕಡೆ ಚುಚ್ಚಿದೆ. ‘ಇರಲಿ ಬಿಡು ಮಗಳೇ’ ಎಂದರು. ಆ ದಿನ ಊಟ ಸೇರಲಿಲ್ಲ.

2019ರ ಆ ನೀಟ್‌ನಲ್ಲಿಯೂ ಮೊದಲಿಗಿಂತ ಕಡಿಮೆ ಅಂಕ ಬಂತು. ಎಂಬಿಬಿಎಸ್ ಆಸೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನರ್ಸಿಂಗ್ ಎಂಬಿಬಿಎಸ್‌ಗೆ ಹೋಗುವ ದಾರಿಯ ತಂಗುದಾಣವಲ್ಲ. ನಾಲ್ಕು ವರ್ಷ ಓದಿದರೂ ಅಲ್ಲಿಂದ ಎಂಬಿಬಿಎಸ್‌ಗೆ ನೇರ ಪ್ರವೇಶವಿಲ್ಲ, ನೀಟ್ ಬರೆದು ಮೊದಲ ವರ್ಷದಿಂದಲೇ ಶುರುಮಾಡಬೇಕು. ಡಾಕ್ಟರ್ ಆಗಲೇಬೇಕೆಂದಿದ್ದರೆ ಮನೆಯವರಿಗೆ ಹೇಳಿ ಒಂದು ವರ್ಷ ಪೂರ್ತಿ ಅದಕ್ಕೇ ಕೊಡಿ. ನರ್ಸಿಂಗ್ ಸೇರುವುದಾದರೆ ನೀಟ್ ಪುಸ್ತಕಗಳನ್ನು ಯಾರಿಗಾದರೂ ಕೊಟ್ಟು ಸೇರಿ. ಎರಡನ್ನೂ ಒಟ್ಟಿಗೆ ಮಾಡಿ ದಡ ಸೇರಿದವರೂ ಇರಬಹುದು, ನನ್ನ ಬ್ಯಾಚಿನಲ್ಲಿ ಯಾರೂ ಇರಲಿಲ್ಲ.

ಈಗ ಸರ್ಕಾರಿ ಕೋಟಾದ ಬಿಎಸ್‌ಸಿ ನರ್ಸಿಂಗ್ ಸೀಟುಗಳನ್ನೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತದೆ. ಸೀಟು ಕೊಡಿಸುತ್ತೇವೆನ್ನುವ ಏಜೆಂಟರ ಕೈಗೆ ಅಂಕಪಟ್ಟಿಯ ಮೂಲಪ್ರತಿ ಕೊಡಬೇಡಿ. ಕಾಲೇಜು ನೋಡಲು ಹೋದರೆ ಕಟ್ಟಡ ಬಿಡಿ, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆಂದು ಕೇಳಿ, ಅಲ್ಲಿನ ವಾರ್ಡುಗಳಲ್ಲಿ ರೋಗಿಗಳಿದ್ದಾರೆಯೇ ನೋಡಿ.

ಈಗ ನಾನು ಚಿಕ್ಕಮಗಳೂರಿನಲ್ಲಿ ಐಸಿಯುನಲ್ಲಿದ್ದೇನೆ, ಈ ಕೆಲಸವನ್ನು ಮನಸಾರೆ ಪ್ರೀತಿಸುತ್ತೇನೆ. ಅರ್ಜಿ ಹಾಕುವ ಮೊದಲು ನೀವೊಂದು ಕೆಲಸ ಮಾಡಿ. ಪರಿಚಯದವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಒಂದು ರಾತ್ರಿ ಅವರ ಜೊತೆಗಿರಿ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ನರ್ಸ್ ಬಂದಾಗ ಎದ್ದು ಅವರಿಗೆ ಕೈಜೋಡಿಸಿ. ಬೆಳಿಗ್ಗೆ ನಿಮಗೆ ಏನನ್ನಿಸಿತೆಂದು ನನಗೆ ಬರೆಯಿರಿ.