ತೂರ್: ದ್ವೀಪವೋ, ದಡವೋ?

ಓದುಗರ ಪ್ರಶ್ನೆ: ಬೈಬಲಿನ ಕೊನೆಯ ಪುಟದ ನಕ್ಷೆಯಲ್ಲಿ ತೂರ್ ಪಟ್ಟಣ ಸಮುದ್ರದ ನಡುವೆ ಇದೆ. ಮೊಬೈಲಿನ ನಕ್ಷೆಯಲ್ಲಿ ಲೆಬನಾನಿನ ದಡಕ್ಕೆ ಅಂಟಿಕೊಂಡಿದೆ. ಯಾವುದು ಸರಿ? ಅದರ ಕಲ್ಲುಮಣ್ಣನ್ನು ನೀರಿಗೆ ಹಾಕಿಸಿದ್ದು ನೆಬೂಕದ್ನೆಚ್ಚರನೇ?

ಸಂಪಾದಕರ ಉತ್ತರ: ಎರಡು ನಕ್ಷೆಗಳೂ ಸರಿ, ಕಾಲ ಬೇರೆ. ಸೊಲೊಮೋನನಿಗೆ ದೇವದಾರು ಕಳಿಸಿದ ಹೀರಾಮನ ತೂರ್ ದಡದಿಂದ ಸುಮಾರು 800 ಮೀಟರ್ ದೂರದ ಬಂಡೆಯ ದ್ವೀಪ. 'ತೂರ್' ಎಂಬುದರ ಮೂಲ ಅರ್ಥವೇ ಬಂಡೆ. ಎದುರಿನ ದಡದಲ್ಲಿ ಉಶು ಎಂಬ ಇನ್ನೊಂದು ಊರಿತ್ತು.

ನೆಬೂಕದ್ನೆಚ್ಚರನನ್ನೂ ಅಲೆಕ್ಸಾಂಡರನನ್ನೂ ಒಂದೇ ಉಸಿರಲ್ಲಿ ಹೇಳಿಬಿಡುವುದರಿಂದಲೇ ಗೊಂದಲ ಹುಟ್ಟುತ್ತದೆ. ಬಾಬೆಲಿನ ಅರಸ ನೆಬೂಕದ್ನೆಚ್ಚರ ತೂರಿಗೆ ಹಾಕಿದ ಮುತ್ತಿಗೆ 13 ವರ್ಷ ನಡೆಯಿತೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಸೈನಿಕರ ತಲೆ ಬೋಳಾಯಿತು, ಹೆಗಲ ಚರ್ಮ ಸುಲಿಯಿತು, ಆದರೂ ತೂರಿನಿಂದ ಕೂಲಿ ಗಿಟ್ಟಲಿಲ್ಲ ಎಂದು ಪ್ರವಾದಿ ಯೆಹೆಜ್ಕೇಲನೇ 29ನೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ತೂರಿನ ಕಲ್ಲು, ಮರ, ಮಣ್ಣನ್ನು ನೀರಿಗೆ ಹಾಕುವರೆಂಬ ಪ್ರವಾದನೆಯಿರುವ 26ನೇ ಅಧ್ಯಾಯ ಓದುವವರು ಇದನ್ನೂ ಓದಲೇಬೇಕು.

ಕಲ್ಲುಮಣ್ಣು ನೀರಿಗೆ ಬಿದ್ದದ್ದು ಕ್ರಿ.ಪೂ. 332ರಲ್ಲಿ, ಅಲೆಕ್ಸಾಂಡರನ ಕೈಯಲ್ಲಿ. ದಡದಿಂದ ದ್ವೀಪಕ್ಕೆ ದಾರಿಯಾಗುವಂತೆ ನೀರಿನಲ್ಲಿ ಒಡ್ಡು ಹಾಕಲು ದಡದ ಹಳೆ ಊರನ್ನು ಕೆಡವಿ ಕಲ್ಲು ತಂದರು, ಲೆಬನಾನಿನ ಬೆಟ್ಟದಿಂದ ಮರ ತಂದರು. ದಡದ ಹತ್ತಿರ ನೀರು ಕಡಿಮೆ, ತಳದಲ್ಲಿ ಕೆಸರು. ಗೂಟಗಳು ಸಲೀಸಾಗಿ ಇಳಿದವು, ಕೆಸರೇ ಕಲ್ಲುಗಳನ್ನು ಹಿಡಿದಿಟ್ಟಿತು. ಊರಿನ ಹತ್ತಿರ ಆಳ ಸುಮಾರು 5 ಮೀಟರಿಗೆ ಹೋಯಿತು, ಗೋಡೆಯ ಮೇಲಿನಿಂದ ಬಾಣಗಳ ಮಳೆ ಬೇರೆ. ರಕ್ಷಣೆಗೆಂದು ಒಡ್ಡಿನ ತುದಿಯಲ್ಲಿ ಎರಡು ಮರದ ಗೋಪುರ ನಿಲ್ಲಿಸಿದರು. ತೂರಿನವರು ಕುದುರೆ ಸಾಗಿಸುವ ಹಡಗೊಂದಕ್ಕೆ ಒಣಪುರುಳೆ, ರಾಳ, ಗಂಧಕ ತುಂಬಿ, ಮುಂಭಾಗದ ಎರಡು ಕಂಬಗಳಿಗೆ ಉರಿಯುವ ದ್ರವದ ಕಡಾಯಿಗಳನ್ನು ತೂಗುಹಾಕಿದರು. ಹಿಂಭಾಗಕ್ಕೆ ಭಾರ ಹೇರಿದ್ದರಿಂದ ಮೂತಿ ಮೇಲೆದ್ದು ಒಡ್ಡಿನ ಮೇಲೇ ಹತ್ತುವಂತಾಯಿತು. ಗಾಳಿ ಒಡ್ಡಿನ ಕಡೆ ತಿರುಗಿದಾಗ ಎಳೆದೊಯ್ದು ಬೆಂಕಿಯಿಟ್ಟರು, ಗೋಪುರಗಳೆರಡೂ ಸುಟ್ಟುಹೋದವು.

ಒಡ್ಡನ್ನು ಇನ್ನಷ್ಟು ಅಗಲವಾಗಿ ಕಟ್ಟಲು ಹೇಳಿ ಅಲೆಕ್ಸಾಂಡರ್ ಹಡಗು ಸೇರಿಸಲು ಫಿನಿಷಿಯಾದ ಇನ್ನೊಂದು ಬಂದರು ಸೀದೋನಿಗೆ ಹೋದ. ಫಿನಿಷಿಯಾದ ಸುಮಾರು 80, ಸೈಪ್ರಸ್ಸಿನ ಸುಮಾರು 120 ಹಡಗು ಸೇರಿದ ಮೇಲೆ ಯುದ್ಧದ ದಿಕ್ಕೇ ಬದಲಾಯಿತು. ಏಳು ತಿಂಗಳ ಬಳಿಕ ಗೋಡೆ ಒಡೆದದ್ದು ಒಡ್ಡಿನ ಎದುರಲ್ಲಲ್ಲ, ದಕ್ಷಿಣದಲ್ಲಿ, ಹಡಗುಗಳ ಮೇಲಿದ್ದ ಯಂತ್ರಗಳಿಂದ. ಸುಮಾರು 30,000 ಜನರನ್ನು ಗುಲಾಮರಾಗಿ ಮಾರಿದರೆಂದು ಗ್ರೀಕ್ ಇತಿಹಾಸಕಾರ ಆರಿಯನ್ ಬರೆಯುತ್ತಾನೆ. ಈ ಸಂಖ್ಯೆಯನ್ನು ಓದಿ ಸುಮ್ಮನೆ ಮುಂದೆ ಹೋಗಲಾಗದು.

ಇಂದಿನ ನೆಲ ಮಾತ್ರ ಅವನೊಬ್ಬನ ಕೆಲಸವಲ್ಲ. ದ್ವೀಪ ಅಲೆಗಳಿಗೆ ಅಡ್ಡ ನಿಂತದ್ದರಿಂದ ಅದರ ಮರೆಯಲ್ಲಿ ನೀರು ನಿಧಾನವಾಗಿ ಮರಳು ಕೂರುತ್ತಿತ್ತು. ಒಡ್ಡು ಹಾಕುವ ಹೊತ್ತಿಗೆ ಮರಳದಿಬ್ಬ ನೀರಿನ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಷ್ಟೇ ಇತ್ತೆಂದು 2007ರಲ್ಲಿ ಪ್ರಕಟವಾದ ಭೂವಿಜ್ಞಾನಿಗಳ ಅಧ್ಯಯನ ತೋರಿಸಿತು. ಒಡ್ಡು ನೀರಿನ ಹರಿವನ್ನು ಪೂರ್ತಿ ತಡೆದ ಮೇಲೆ ಎರಡೂ ಬದಿಗೆ ಮರಳು ತುಂಬಿತು. ಇಂಥ ಮರಳಸೇತುವೆಗೆ ಟೊಂಬೊಲೊ ಎನ್ನುತ್ತಾರೆ.

ಊರು ಮತ್ತೆ ಎದ್ದಿತು. ಅಪೊಸ್ತಲರ ಕೃತ್ಯಗಳು 21ರಲ್ಲಿ ಪೌಲ ಅಲ್ಲಿ ಏಳು ದಿನ ತಂಗುತ್ತಾನೆ; ಹೊರಡುವಾಗ ಹೆಂಗಸರು ಮಕ್ಕಳ ಸಮೇತ ಎಲ್ಲರೂ ಊರಾಚೆ ಬಂದು ಸಮುದ್ರತೀರದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಆ ಹೊತ್ತಿಗೆ ಒಡ್ಡಿಗೆ ಸುಮಾರು 390 ವರ್ಷ.