ಅಂಚೆಚೀಟಿ ಅಂಕಣ: ಕಹಳೆ ಮೇಲೋ, ಠಸ್ಸೆ ಮೇಲೋ?

ಪ್ರಶ್ನೆ: ಹಳೇ ಆಲ್ಬಮ್ ಒಂದರಾಗ 1948ರ ಜರ್ಮನಿ ಚೀಟಿ ಸಿಕ್ಕಾವ್ರಿ. ಕೆಲವದರ ಮ್ಯಾಲೆ ಸಣ್ಣ ಕಹಳೆ, ಕೆಲವದರ ಮ್ಯಾಲೆ ಓರೆಯಾಗಿ ‘ಬರ್ಲಿನ್’, ಎರಡರ ಮ್ಯಾಲೆ 27 ಅನ್ನೋ ಸಂಖ್ಯಾ, ಊರ ಹೆಸರು. ಖರೇವು ಯಾವು ಅಂತ ಹೆಂಗ ತಿಳೀಬೇಕ್ರಿ?
– ಓದುಗರು, ಕಲಬುರಗಿ

ಉತ್ತರ: ಎಲ್ಲಕ್ಕೂ ಮೂಲ ಆ ಜೂನ್‌ನ ನೋಟು ಬದಲಾವಣೆ. ಹಳೇ ರೈಶ್ಸ್‌ಮಾರ್ಕ್ ಕೊಟ್ಟು ಕಂತೆಗಟ್ಟಲೆ ಕೊಂಡಿಟ್ಟ ಚೀಟಿ ಹೊಸ ಮಾರ್ಕಿನ ಲೆಕ್ಕದಲ್ಲಿ ನಡೆಯಬಾರದೆಂದು ಯುದ್ಧದಲ್ಲಿ ಸೋತ ಜರ್ಮನಿಯ ಅಮೆರಿಕ, ಬ್ರಿಟಿಷ್ ಆಡಳಿತದ ವಲಯಗಳಲ್ಲಿ ಜೂನ್ 21ರಿಂದ ಕಹಳೆ ಓವರ್‌ಪ್ರಿಂಟ್ (ಅಚ್ಚಾದ ಚೀಟಿಯ ಮೇಲೆ ಮತ್ತೆ ಹಾಕಿದ ಮೇಲಚ್ಚು) ಬಂತು. ಕಹಳೆ ಒಂದೇ ಸಾಲಿದ್ದರೆ ‘ಪಟ್ಟಿ’, ಚೀಟಿ ತುಂಬ ಇದ್ದರೆ ‘ಬಲೆ’. ಎರಡನ್ನೂ ಬೇರೆ ಬೇರೆ ಪುಟದಲ್ಲಿಡಿ. ಸೋವಿಯತ್ ವಲಯದಲ್ಲಿ ಮುದ್ರಿಸಲು ಪುರುಸೊತ್ತಿರಲಿಲ್ಲ. ಜೂನ್ 24ರಿಂದ ಕೈಮುದ್ರೆ ಹೊಡೆದರು. ಅದರಲ್ಲಿನ ಸಂಖ್ಯೆ ಅಂಚೆ ವಿಭಾಗದ್ದು: 27 ಲೈಪ್‌ಜಿಗ್‌ದು, 14 ಡ್ರೆಸ್ಡೆನ್‌ದು. ಪಶ್ಚಿಮ ಬರ್ಲಿನ್ನಿನ ಕಪ್ಪು ಅಕ್ಷರದ 20 ಚೀಟಿ 1948ರ ಸೆಪ್ಟೆಂಬರ್‌ನವು, ಕೆಂಪಿನ 14 ಚೀಟಿ 1949ರ ಜನವರಿಯಿಂದ ಬಂದವು.

ಬಳಸಿದ ಚೀಟಿಯಾದರೆ 10 ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಹಿಡಿದು ಅಂಚೆ ಕಚೇರಿಯ ಠಸ್ಸೆಯ ಗೆರೆ ಕಹಳೆಯನ್ನೋ ಅಕ್ಷರವನ್ನೋ ದಾಟುವ ಕಡೆ ನೋಡಿ. ಓವರ್‌ಪ್ರಿಂಟ್ ಕೆಳಗೆ, ಠಸ್ಸೆಯ ಶಾಯಿ ಮೇಲೆ ಇರಬೇಕು. ತಿರುವುಮುರುವಾಗಿದ್ದರೆ ಸಾಮಾನ್ಯ ಹಳೇ ಚೀಟಿಗೆ ಆಮೇಲೆ ಒತ್ತಿದ್ದು. ಠಸ್ಸೆಯ ತಾರೀಖು ಮೇಲೆ ಹೇಳಿದ ದಿನಗಳಿಗಿಂತ ಮುಂಚಿನದಾದರೂ ಅದೇ ಮಾತು. ಅಗ್ಗದ ಪಿಫೆನ್ನಿಗ್ (ಮಾರ್ಕಿನ ನೂರನೇ ಒಂದು ಪಾಲು) ಚೀಟಿಗೆ ಇಷ್ಟೇ ಸಾಕು. 1, 2, 3, 5 ಮಾರ್ಕಿನವು ಮತ್ತು ಕೆಂಪು ಬರ್ಲಿನ್‌ಗೆ ಮಾತ್ರ ಜರ್ಮನ್ ತಜ್ಞರ ಪರೀಕ್ಷಾಪತ್ರ ಇಲ್ಲದೆ ದೊಡ್ಡ ಬೆಲೆ ಕೊಡಬೇಡಿ, ಕೇಳಲೂ ಬೇಡಿ. ಕೈಮುದ್ರೆಯ ಬಿಡಿಚೀಟಿಯಂತೂ ರಬ್ಬರ್ ಮೊಹರು ಮಾಡಿಸಿದ ಯಾರೂ ತಯಾರಿಸಬಹುದಾದದ್ದು; ಲಕೋಟೆ ಸಮೇತ ಸಿಕ್ಕರೆ ನಂಬಿಕೆ ಹೆಚ್ಚು.

ಈ ಚೀಟಿ ಯಾವುದನ್ನೂ ನೀರಿಗೆ ಹಾಕಬೇಡಿ. ಕೈಮುದ್ರೆಯ ಶಾಯಿ ಹರಡಬಹುದು, ಬಳಸದ ಚೀಟಿಯ ಗೋಂದು ಹೋದರೆ ಬೆಲೆಯೂ ಹೋಯಿತು. ಪಶ್ಚಿಮ ವಲಯದಿಂದ ಜೂನ್ 21, 22ರ ಠಸ್ಸೆ ಬಿದ್ದ, ಓವರ್‌ಪ್ರಿಂಟ್ ಇಲ್ಲದ ಚೀಟಿ ತುಂಬ ಅಂಟಿಸಿದ ಲಕೋಟೆ ಕಂಡರೆ ಕತ್ತರಿ ಕೆಳಗಿಡಿ! ಆ ದಿನಗಳಲ್ಲಿ ಹಳೇ ಚೀಟಿ ಹತ್ತನೇ ಒಂದು ಬೆಲೆಗೆ ನಡೆಯುತ್ತಿತ್ತು. 24 ಪಿಫೆನ್ನಿಗ್‌ನ ಕಾಗದಕ್ಕೆ 2 ಮಾರ್ಕ್ 40 ಪಿಫೆನ್ನಿಗ್‌ನಷ್ಟು ಚೀಟಿ ಹಚ್ಚಬೇಕಿತ್ತು. ಇಂಥದ್ದಕ್ಕೆ ಲಕೋಟೆಯೇ ಜೀವ.

ಪ್ರಶ್ನೆ: ಹೈದರಾಬಾದ್ ನಿಜಾಮರ ಚೀಟಿ ಮೇಲಿನ ಉರ್ದು ಮೇಲಚ್ಚೂ ಇಂಥದ್ದೇ?
– ಓದುಗರು, ಬೀದರ್

ಉತ್ತರ: ಅಲ್ಲ. ಅಲ್ಲಿ ‘ಸರ್ಕಾರಿ’ ಎಂದಿದ್ದರೆ ಕಚೇರಿ ಬಳಕೆಯ ಚೀಟಿ ಎಂದಷ್ಟೇ. ಠಸ್ಸೆ ಯಾವುದರ ಮೇಲಿದೆ ಎನ್ನುವ ಪರೀಕ್ಷೆ ಮಾತ್ರ ಅದಕ್ಕೂ ಸಲ್ಲುತ್ತದೆ.